ಕಲರ್ ಚಾರ್ಟ್ (ಬಣ್ಣ ಹೋಲಿಸುವ ಚೌಕಗಳ ಹಲಗೆ) ಇಟ್ಟು ಫೋಟೋ ತೆಗೆದರೂ ಸೀರೆಯ ಬಣ್ಣ ಹೊಂದುತ್ತಿಲ್ಲ. ದುಬಾರಿ ಚಾರ್ಟ್ ತಗೊಳ್ಳಬೇಕಾ?

"ಎಡಿಟ್ ಮಾಡುವಾಗ ಸೀರೆಯನ್ನು ಪಕ್ಕದಲ್ಲೇ ಇಟ್ಟುಕೊಂಡು ನೋಡುತ್ತೇನೆ, ಆದರೂ ಹೊಂದುವುದಿಲ್ಲ" ಎಂದು ಬರೆದಿದ್ದೀರಲ್ಲ, ಆ ಸಾಲು ಓದಿ ನಗು ಬಂತು. ನಿಮ್ಮ ಮೇಲಲ್ಲ, ನನ್ನ ಮೇಲೆ. 2021ರಲ್ಲಿ ನಾನೂ ಹಾಗೇ ಕೂತಿದ್ದೆ. ತೊಡೆಯ ಮೇಲೆ ರಾಮಾ ಗ್ರೀನ್ ಸೀರೆ, ಎದುರಿಗೆ ಲ್ಯಾಪ್‌ಟಾಪ್, ತಲೆಯ ಮೇಲೆ ಟ್ಯೂಬ್‌ಲೈಟ್.

ಹಾಸನದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಆ ವರ್ಷ ಕೊರೋನಾದಿಂದ ಮದುವೆಗಳೆಲ್ಲ ಮನೆಯ ಮುಂದಿನ ಚಪ್ಪರಕ್ಕೆ ಇಳಿದಿದ್ದವು. ಫೋಟೋಗ್ರಾಫರನ್ನು ಕರೆಯುವವರೇ ಕಡಿಮೆ. ನಮ್ಮ ಬೀದಿಯಲ್ಲೇ ಸೀರೆ ಅಂಗಡಿ ಇಟ್ಟಿದ್ದ ಅಕ್ಕ ಒಬ್ಬರು ವಾಟ್ಸಾಪ್‌ನಲ್ಲಿ ವ್ಯಾಪಾರ ಶುರು ಮಾಡಿದ್ದರು. ದೀಪಾವಳಿ ಹತ್ತಿರ ಬರುತ್ತಿತ್ತು, ಹಾಸನಾಂಬೆಯ ಬಾಗಿಲು ತೆರೆಯುವ ಹೊತ್ತು. ನಮ್ಮೂರಿನಲ್ಲಿ ವ್ಯಾಪಾರಕ್ಕೆ ಅದೇ ಸುಗ್ಗಿ. 118 ಸೀರೆಗಳ ಫೋಟೋ ಬೇಕು, ಬಣ್ಣ ಇದ್ದ ಹಾಗೇ ಬರಬೇಕು ಎಂದರು. "ಆಮೇಲೆ ವಾಪಸ್ ಬಂದರೆ ಕೊರಿಯರ್ ಖರ್ಚು ನಿನ್ನದೇ ನೋಡು" ಎಂದು ತಮಾಷೆಗೆ ಹೇಳಿದ್ದರು. ತಮಾಷೆ ಎಂದುಕೊಂಡವನು ನಾನು.

ಅದಕ್ಕೆಂದೇ ಒಳ್ಳೆಯ ಚಾರ್ಟ್ ತರಿಸಿದೆ, ಎಲ್ಲರೂ ಬಳಸುವ 24 ಚೌಕದ್ದು. 1976ರಲ್ಲಿ ಮ್ಯಾಕ್‌ಬೆತ್ ಹೆಸರಿನಲ್ಲಿ ಬಂದ ಚಾರ್ಟ್ ಅದು, ಆಮೇಲೆ ಎಕ್ಸ್‌-ರೈಟ್ ಆಯಿತು, ಈಗ ಕ್ಯಾಲಿಬ್ರೈಟ್. ಹದಿನೆಂಟು ಚೌಕ ಬಣ್ಣದವು. ಅದರಲ್ಲಿ ಎರಡು ಚರ್ಮದ ಬಣ್ಣ, ಒಂದು ಆಕಾಶ, ಒಂದು ಎಲೆ. ಕೆಳಗಿನ ಸಾಲಿನಲ್ಲಿ ಬಿಳಿಯಿಂದ ಕಪ್ಪಿನವರೆಗೆ ಆರು. ಪ್ರತಿ ಚೌಕದ ನಿಜವಾದ ಬಣ್ಣ ಎಷ್ಟು ಎಂಬ ಲೆಕ್ಕ ಸಾಫ್ಟ್‌ವೇರಿಗೆ ಮೊದಲೇ ಗೊತ್ತಿರುತ್ತದೆ. ನಿಮ್ಮ ಕ್ಯಾಮೆರಾ ಎಲ್ಲಿ ಎಷ್ಟು ತಪ್ಪಿದೆ ಎಂದು ಹೋಲಿಸಿ ಆ ತಪ್ಪನ್ನು ತಿದ್ದುವ ಒಂದು ಪ್ರೊಫೈಲ್ ಮಾಡಿಕೊಡುತ್ತದೆ, ಅಷ್ಟೇ.

ಎರಡು ಫ್ಲ್ಯಾಶ್, ಎರಡಕ್ಕೂ ಬೆಳಕು ಮೆತ್ತಗೆ ಮಾಡುವ ಸಾಫ್ಟ್‌ಬಾಕ್ಸ್, ಕಿಟಕಿಗೆ ಕಪ್ಪು ಬಟ್ಟೆ. ಚಾರ್ಟನ್ನು ಸೀರೆಯ ಜಾಗದಲ್ಲೇ ಹಿಡಿದು ರಾ ಫೈಲಿನಲ್ಲಿ (ಕ್ಯಾಮೆರಾ ತಿದ್ದದ ಕಚ್ಚಾ ಫೈಲು) ತೆಗೆದೆ. ಪ್ರೊಫೈಲ್ ಮಾಡಿದೆ. ವೈಟ್ ಬ್ಯಾಲೆನ್ಸ್‌ಗೆ (ಬೆಳಕಿನ ಬಣ್ಣ ಕಳೆದು ಬಿಳಿಯನ್ನು ಬಿಳಿಯಾಗಿಸುವುದಕ್ಕೆ) ಬಿಳಿ ಚೌಕ ಬಿಟ್ಟು ಅದರ ಪಕ್ಕದ ತಿಳಿ ಬೂದು ಚೌಕವನ್ನು ಒತ್ತಿದೆ, ಬಿಳಿ ಅತಿಯಾಗಿ ಬೆಳಗಿದ್ದರೆ ಲೆಕ್ಕ ತಪ್ಪುತ್ತದೆ ಅಂತ. ಇಲ್ಲಿಯವರೆಗೆ ಎಲ್ಲಾ ಸರಿ. ಅಲ್ಲಿಗೇ ಎದ್ದು ಮನೆಗೆ ಹೋಗಿದ್ದರೆ ಈ ಉತ್ತರ ಬರೆಯುವ ಕೆಲಸವೇ ಇರುತ್ತಿರಲಿಲ್ಲ.

ರಾತ್ರಿ ಎಂಟಕ್ಕೆ ಕೂತು ನೋಡಿದರೆ ರಾಮಾ ಗ್ರೀನ್ ಸೀರೆ ಪರದೆಯಲ್ಲಿ ಹಳದಿ ಕಡೆಗೆ ವಾಲಿದ ಹಸಿರು. ತೊಡೆಯ ಮೇಲಿದ್ದ ಸೀರೆ ನೀಲಿ ಕಡೆಗೆ ಹೊಳೆಯುವ ಹಸಿರು. ಇದೇನು, ಇಷ್ಟು ದುಡ್ಡು ಕೊಟ್ಟ ಚಾರ್ಟ್ ಹೀಗೆ ಮಾಡಿತಲ್ಲ ಎಂದು ಬೈದುಕೊಂಡೆ. ಟೆಂಪರೇಚರ್ ಗುಂಡಿಯನ್ನು ನೀಲಿ ಕಡೆಗೆ ಎಳೆದೆ. ಹಸಿರನ್ನೂ ನೀಲಿ ಕಡೆಗೆ ತಳ್ಳಿದೆ. ಸೀರೆಗೂ ಪರದೆಗೂ ಹೊಂದಿತು. ಖುಷಿಯಾಗಿ ಅದೇ ಎಡಿಟನ್ನು 118ಕ್ಕೂ ಹಾಕಿ ಕಳಿಸಿಬಿಟ್ಟೆ. ಅಕ್ಕನೂ ಹಬ್ಬದ ಗಡಿಬಿಡಿಯಲ್ಲಿ ನೋಡದೆ ಗಿರಾಕಿಗಳಿಗೆ ದಾಟಿಸಿದರು.

ಎಂಟು ದಿನಕ್ಕೆ ಫೋನ್ ಬಂತು. "ಲೋ, ಈ ಬಣ್ಣದ ಸೀರೆ ನಮ್ಮ ಅಂಗಡೀಲೇ ಇಲ್ಲ ಕಣೋ! ಅರಸೀಕೆರೆಯವರು ನವಿಲು ನೀಲಿ ಕೇಳಿದ್ರು, ಹಸಿರು ಕಳಿಸಿದ್ದೀರಾ ಅಂತ ಬೈತಿದಾರೆ."

ಒಟ್ಟು 23 ಸೀರೆ ವಾಪಸ್ ಬಂದವು. ಕೊರಿಯರ್ ಖರ್ಚು ನಾನೇ ಕೊಟ್ಟೆ. 118 ಫೋಟೋಗಳನ್ನೂ ಬಿಟ್ಟಿ ಮತ್ತೆ ಎಡಿಟ್ ಮಾಡಿಕೊಟ್ಟೆ. ಅದಕ್ಕಿಂತ ಜಾಸ್ತಿ ನೋವಾಗಿದ್ದು ಬೇರೆ. ಮುಂದಿನ ಯುಗಾದಿಗೆ ಅವರು ಮೊಬೈಲಿನಲ್ಲೇ ತೆಗೆದು ಹಾಕಿದರು, ನನ್ನನ್ನು ಕರೆಯಲಿಲ್ಲ.

ಕಾರಣ ಕಂಡುಹಿಡಿದಿದ್ದು ನಾನಲ್ಲ, ನನ್ನ ಹೆಂಡತಿ. ಕಾಫಿ ಕೊಡೋಕೆ ಬಂದವಳು "ಸಂಜೆ ಆದರೆ ಈ ಲ್ಯಾಪ್‌ಟಾಪಿಗೆ ಅರಿಶಿನ ಬಳಿದ ಹಾಗೆ ಇರುತ್ತಲ್ರೀ" ಎಂದಳು. ನನಗೆ ಬೆಳ್ಳಗೇ ಕಾಣುತ್ತಿತ್ತು! ನೋಡಿದರೆ ವಿಂಡೋಸ್‌ನ ನೈಟ್ ಲೈಟ್ ಆನ್ ಆಗಿದೆ. ಮಗಳ ಆನ್‌ಲೈನ್ ಕ್ಲಾಸಿಗೂ ಅದೇ ಲ್ಯಾಪ್‌ಟಾಪ್. ಕಣ್ಣು ಉರಿ ಅಂತ ಅವಳು ಆನ್ ಮಾಡಿದ್ದಳು. ಸೂರ್ಯ ಮುಳುಗಿದ ಮೇಲೆ ತಾನಾಗೇ ಪರದೆಯ ನೀಲಿಯನ್ನು ಇಳಿಸುವುದೇ ಅದರ ಕೆಲಸ.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದು ಬರೀ ನೈಟ್ ಲೈಟ್ ಕಥೆ ಅಂದುಕೊಂಡರೆ ನೀವೂ ಬೀಳುತ್ತೀರಿ. ಮೊದಲನೆಯದು, ಪರದೆ ಹಳದಿಯಾಗಿತ್ತು. ಎರಡನೆಯದು, ತೊಡೆಯ ಮೇಲಿನ ಸೀರೆಗೆ ಬೀಳುತ್ತಿದ್ದದ್ದು ಟ್ಯೂಬ್‌ಲೈಟಿನ ತಣ್ಣನೆಯ ಬೆಳಕು. ಆ ಬೆಳಕಿನಲ್ಲಿ ರಾಮಾ ಗ್ರೀನ್ ಇದ್ದದ್ದಕ್ಕಿಂತ ನೀಲಿಯಾಗಿ ಕಾಣುತ್ತದೆ. ಅಂದರೆ ನಾನು ಹೋಲಿಸುತ್ತಿದ್ದ ಎರಡೂ ಸುಳ್ಳು, ಅದೂ ಒಂದಕ್ಕೊಂದು ಉಲ್ಟಾ ದಿಕ್ಕಿನ ಸುಳ್ಳು. ಮೂರನೆಯದು ಕಣ್ಣು. ಹಳದಿ ಪರದೆಯ ಮುಂದೆ ಹತ್ತು ನಿಮಿಷ ಕೂತರೆ ಕಣ್ಣು ಅದಕ್ಕೆ ಒಗ್ಗಿಕೊಂಡು ಅದನ್ನೇ ಬಿಳಿ ಎನ್ನುತ್ತದೆ. ಕಣ್ಣಿಗೆ ಹಾಗೆ ಮೋಸ ಆಗುತ್ತದೆ ಅಂತಲೇ ಅಲ್ವಾ ಚಾರ್ಟ್ ತಂದದ್ದು? ಚಾರ್ಟ್ ತನ್ನ ಕೆಲಸ ಮುಗಿಸಿದ ಮೇಲೆ, ನಾನು ಅದೇ ಕಣ್ಣನ್ನು ಕರೆದು ಮೇಷ್ಟ್ರ ಕುರ್ಚಿಯಲ್ಲಿ ಕೂರಿಸಿದೆ.

ಇಷ್ಟೆಲ್ಲಾ ಆದರೂ ತಪ್ಪಿಸಿಕೊಳ್ಳುವ ದಾರಿ ಇತ್ತು. ಚಾರ್ಟಿನ ಫೋಟೋ ನನ್ನ ಹತ್ತಿರವೇ ಇತ್ತು, ಬೇರೆ ಫೋಲ್ಡರಿಗೆ ಹಾಕಿ ಮರೆತಿದ್ದೆ. ನನ್ನ ಕೊನೆಯ ಎಡಿಟನ್ನು ಆ ಫೋಟೋಗೂ ಒಮ್ಮೆ ಹಾಕಿ ನೋಡಬೇಕಿತ್ತು. ಆಮೇಲೆ ಹಾಕಿ ನೋಡಿದೆ. ಬೂದು ಚೌಕದ ಮೇಲೆ ಮೌಸ್ ಇಟ್ಟರೆ ನಾನು ಎಡಿಟ್ ಮಾಡುವ ಸಾಫ್ಟ್‌ವೇರ್ ಲೈಟ್‌ರೂಮ್ ಕೆಂಪು, ಹಸಿರು, ನೀಲಿ ಎಷ್ಟೆಷ್ಟು ಎಂದು ಶೇಕಡಾ ಲೆಕ್ಕದಲ್ಲಿ ತೋರಿಸುತ್ತದೆ. ಬೂದು ಬಣ್ಣಕ್ಕೆ ಮೂರೂ ಹತ್ತಿರಹತ್ತಿರ ಒಂದೇ ಇರಬೇಕು, 62, 62, 62 ಹೀಗೆ. ನನ್ನದು 54, 62, 73. ಪರದೆ ಹಳದಿ ಇರಲಿ, ಕೋಣೆಯಲ್ಲಿ ದೀಪವೇ ಇಲ್ಲದಿರಲಿ, ಆ ಸಂಖ್ಯೆ ಬದಲಾಗುವುದಿಲ್ಲ. ಐದು ಸೆಕೆಂಡಿನ ಕೆಲಸ.

ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ: ದುಬಾರಿ ಚಾರ್ಟ್ ಬೇಡ, ಈಗಲೇ ಬೇಡ. ನಿಮ್ಮ ಚಾರ್ಟ್ ಕೆಟ್ಟದ್ದು ಎನ್ನುವುದಕ್ಕೆ ನೀವು ಕೊಟ್ಟಿರುವ ಒಂದೇ ಸಾಕ್ಷಿ ಪಕ್ಕದಲ್ಲಿರುವ ಸೀರೆ. ಆ ಸಾಕ್ಷಿಯನ್ನು ನಾನು ನಂಬುವುದಿಲ್ಲ. ಅಗ್ಗದ ಚಾರ್ಟ್‌ಗಳಲ್ಲಿ ಮೋಸ ಇರುವುದೂ ನಿಜವೇ. ಅದನ್ನು ಹಿಡಿಯಲು ಒಂದು ಬೂದು ಚೌಕದಿಂದ ವೈಟ್ ಬ್ಯಾಲೆನ್ಸ್ ಮಾಡಿ, ಉಳಿದ ಬೂದು ಚೌಕಗಳ ಸಂಖ್ಯೆ ನೋಡಿ. ಅವು ಒಂದು ಗುಲಾಬಿಗೆ, ಒಂದು ಹಸಿರಿಗೆ ಎಳೆಯುತ್ತಿದ್ದರೆ ಆಗ ಎಸೆಯಿರಿ. ಮನೆಯ ಪ್ರಿಂಟರಿನಲ್ಲಿ ಚಾರ್ಟ್ ಪ್ರಿಂಟ್ ಹೊಡೆಯುವ ಯೋಚನೆ ಮಾತ್ರ ಮಾಡಲೇಬೇಡಿ.

ದುಡ್ಡು ಇದ್ದರೆ ಮಾನಿಟರ್ ಅಳೆಯುವ ಯಂತ್ರಕ್ಕೆ ಹಾಕಿ. ಪರದೆಗೆ ಅಂಟಿಸಿದ ಹಾಗೆ ಇಟ್ಟರೆ ಅದೇ ಬಣ್ಣ ಅಳೆದು ಸರಿಮಾಡುತ್ತದೆ. ನಾನು ಪರದೆಯ ಬಿಳಿಯನ್ನು 6500 ಕೆಲ್ವಿನ್‌ಗೆ (ಹಗಲ ಬೆಳಕಿನ ಬಿಳಿ), ಗಾಮಾವನ್ನು (ಕಪ್ಪಿನಿಂದ ಬಿಳಿಗೆ ಹೊಳಪು ಏರುವ ಲೆಕ್ಕ) 2.2ಕ್ಕೆ ಇಟ್ಟಿದ್ದೇನೆ. ಕಡಿಮೆ ಬೆಲೆಯ ಲ್ಯಾಪ್‌ಟಾಪಿನ ಪರದೆ ಎಸ್‌ಆರ್‌ಜಿಬಿ (ಮೊಬೈಲು, ವೆಬ್ಬಿಗೆಲ್ಲ ಬಳಸುವ ಸಾಮಾನ್ಯ ಬಣ್ಣದ ವ್ಯಾಪ್ತಿ) ಬಣ್ಣಗಳನ್ನೂ ಸಾಮಾನ್ಯವಾಗಿ ಪೂರ್ತಿ ತೋರಿಸುವುದಿಲ್ಲ. ಅದರಲ್ಲಿ ಎಷ್ಟು ತಿದ್ದಿದರೂ ಕುರುಡನ ಕೈಯಲ್ಲಿ ಕನ್ನಡಿ ಕೊಟ್ಟ ಹಾಗೆ.

ಹೊರಗೆ ತೆಗೆಯುವುದಾದರೆ ಕಥೆ ಬೇರೆ. ಸಕಲೇಶಪುರದ ಕಾಫಿ ತೋಟದಲ್ಲಿ ಸೀರೆ ಉಟ್ಟವರನ್ನು ಸಿಲ್ವರ್ ಓಕ್ ಮರದ ಕೆಳಗೆ ನಿಲ್ಲಿಸಿದರೆ ಎಲೆಗಳಿಂದ ಸೋಸಿ ಬರುವ ಬೆಳಕೇ ಹಸಿರು. ಗದ್ದೆ ಬದುವಿನಲ್ಲಿ ಹಿಡಿದ ಚಾರ್ಟ್ ಅಲ್ಲಿಗೆ ನಡೆಯುವುದಿಲ್ಲ. ಮುಖ ಇರುವ ಜಾಗದಲ್ಲೇ ಹಿಡಿಯಬೇಕು, ಮೋಡ ಸರಿದಾಗಲೆಲ್ಲ ಮತ್ತೆ ಹಿಡಿಯಬೇಕು.

ಇನ್ನೊಂದು ಮಾತು, ಅಂಗಡಿಯವರಿಗೆ ಇಷ್ಟವಾಗುವುದಿಲ್ಲ. ಹಾಸು (ಉದ್ದದ ಎಳೆ) ಒಂದು ಬಣ್ಣ, ಹೊಕ್ಕು (ಅಡ್ಡದ ಎಳೆ) ಇನ್ನೊಂದು ಬಣ್ಣ ಇರುವ ಡಬಲ್ ಶೇಡ್ ರೇಷ್ಮೆಗೆ "ಸರಿಯಾದ ಬಣ್ಣ" ಅನ್ನುವುದೇ ಇಲ್ಲ. ಮಡಿಕೆ ತಿರುಗಿದರೆ ಬಣ್ಣ ತಿರುಗುತ್ತದೆ. ಯಾವ ಚಾರ್ಟ್ ಇಟ್ಟರೂ ಒಂದು ಫೋಟೋದಲ್ಲಿ ಅದು ಸಿಗುವುದಿಲ್ಲ. ಅಂಥ ಸೀರೆಗೆ ನಾನು ಸೆರಗು ಅಲ್ಲಾಡಿಸುವ ಹತ್ತು ಸೆಕೆಂಡಿನ ವಿಡಿಯೋ ಮಾಡಿಕೊಡುತ್ತೇನೆ.

ಅಕ್ಕ ಈಗ ಮತ್ತೆ ಕೆಲಸ ಕೊಡುತ್ತಾರೆ. ಎಡಿಟ್ ಮಾಡುವಾಗ ಸೀರೆ ಮಾತ್ರ ಅಂಗಡಿಯಲ್ಲೇ ಇರುತ್ತದೆ, ನಾನೇ ಬೇಡ ಅಂದಿದ್ದೇನೆ.

ಈವತ್ತು ರಾತ್ರಿ ನಿಮ್ಮ ಚಾರ್ಟಿನ ಫೋಟೋಗೆ ಕೊನೆಯ ಎಡಿಟ್ ಹಾಕಿ, ಬೂದು ಚೌಕದ ಮೂರು ಸಂಖ್ಯೆ ಎಷ್ಟು ಬಂತು ಅಂತ ಕೆಳಗೆ ಬರೆಯಿರಿ. ಪರದೆಯಲ್ಲಿ ನೈಟ್ ಲೈಟ್ ಇದೆಯಾ ಅನ್ನುವುದನ್ನೂ ನೋಡಿ, ಮೊಬೈಲಿನಲ್ಲಿ ಅದಕ್ಕೆ ಬೇರೆ ಬೇರೆ ಹೆಸರುಗಳಿರುತ್ತವೆ.