ಸಾಕಿದ ಮನೆಯಲ್ಲಿ ಗಿಲ್ಲಿ ಏಕೆ ಉಳಿಯಲಿಲ್ಲ?

ಪ್ರಶ್ನೆ: ಹನ್ನೆರಡು ವರ್ಷದ ನನ್ನ ಮಗಳು ಕ್ಯಾಥರೀನ್ ಪ್ಯಾಟರ್‌ಸನ್ ಅವರ ‘ದ ಗ್ರೇಟ್ ಗಿಲ್ಲಿ ಹಾಪ್ಕಿನ್ಸ್’ ಕಾದಂಬರಿ ಓದಿ, ಕೊನೆ ಅನ್ಯಾಯವೆಂದು ಅತ್ತಳು. ಅಷ್ಟು ಪ್ರೀತಿಸಿದ ಟ್ರಾಟರ್ ಗಿಲ್ಲಿಯನ್ನು ಏಕೆ ಇಟ್ಟುಕೊಳ್ಳಲಿಲ್ಲ? ಕದಿಯುವ, ಸುಳ್ಳಾಡುವ ಹುಡುಗಿಯ ಕಥೆ ಈ ವಯಸ್ಸಿಗೆ ತಕ್ಕದ್ದೇ?
– ಒಬ್ಬ ತಾಯಿ, ಮೈಸೂರು

ಉತ್ತರ: ಟ್ರಾಟರ್ ದತ್ತು ತಾಯಿಯಲ್ಲ, ಸರ್ಕಾರದ ವ್ಯವಸ್ಥೆಯಡಿ ಮಕ್ಕಳನ್ನು ತಾತ್ಕಾಲಿಕವಾಗಿ ನೋಡಿಕೊಳ್ಳುವ ಪೋಷಕ ತಾಯಿ. ದತ್ತು ಪಡೆದ ಮಗು ಕಾನೂನಿನಂತೆ ಆ ಮನೆಯದೇ ಆಗಿಬಿಡುತ್ತದೆ. ಪೋಷಕ ಆರೈಕೆಯಲ್ಲಿ ಹಾಗಲ್ಲ, ಹೆತ್ತವರೋ ಹತ್ತಿರದ ಬಂಧುಗಳೋ ಮುಂದೆ ಬಂದರೆ ಮಗುವನ್ನು ಬಿಟ್ಟುಕೊಡಬೇಕಾಗಬಹುದು. ನಮ್ಮಲ್ಲಿಯೂ 2015ರ ಬಾಲನ್ಯಾಯ ಕಾಯ್ದೆ, ಮಕ್ಕಳ ಕಲ್ಯಾಣ ಸಮಿತಿಯ ಮೂಲಕ, ಇಂಥ ಆರೈಕೆಗೆ ಅವಕಾಶ ಕೊಟ್ಟಿದೆ.

1978ರ ಈ ಕಾದಂಬರಿ ಆ ನಿಯಮವನ್ನೇ ದುರಂತದ ತಿರುವಾಗಿ ಬಳಸುತ್ತದೆ. ಟ್ರಾಟರ್ ಮನೆಯ ಬಗ್ಗೆ ಇಲ್ಲಸಲ್ಲದ್ದನ್ನು ಬರೆದು ಗಿಲ್ಲಿ ತನ್ನ ತಾಯಿಗೆ ಪತ್ರ ಹಾಕುತ್ತಾಳೆ. ಆ ಮನೆ ತನ್ನದೆನಿಸುವ ಹೊತ್ತಿಗೆ, ಪತ್ರದ ಫಲವಾಗಿ, ಅದುವರೆಗೆ ಕಂಡೇ ಇರದ ಅಜ್ಜಿ ಕರೆದೊಯ್ಯಲು ಬರುತ್ತಾರೆ. ಮುಂದೆ ತಾಯಿಯೂ ಬರುತ್ತಾಳೆ, ಆದರೆ ಅಜ್ಜಿ ಹಣ ಕೊಟ್ಟದ್ದಕ್ಕೆ. ಇಲ್ಲಿ ಲೇಖಕಿ ಓದುಗರಿಗೆ ಸುಳ್ಳು ಸಮಾಧಾನ ಹೇಳಲು ಒಪ್ಪಲಿಲ್ಲ ಎಂಬುದೇ ನನಗೆ ಕೃತಿಯ ದೊಡ್ಡ ಗುಣವಾಗಿ ಕಾಣುತ್ತದೆ. ಸ್ವತಃ ಅವರೂ ಕೆಲಕಾಲ ಕಾಂಬೋಡಿಯಾದ ಮಕ್ಕಳಿಗೆ ಪೋಷಕ ತಾಯಿಯಾಗಿದ್ದವರು.

ಇನ್ನು ಕಳ್ಳತನ, ಸುಳ್ಳು. ಮೂರು ವರ್ಷ ತುಂಬುವುದರೊಳಗೆ ಮೂರನೆಯ ಮನೆಗೆ ಹೋಗುತ್ತಿರುವ ಹನ್ನೊಂದರ ಹುಡುಗಿ, ಸಮಾಜ ಕಾರ್ಯಕರ್ತೆಯ ಕಾರಿನ ಬಾಗಿಲ ಹಿಡಿಗೆ ಜಗಿದ ಚೂಯಿಂಗ್ ಗಮ್ ಅಂಟಿಸುತ್ತಾಳೆ. ಇದು ಬರಿಯ ತುಂಟತನವಲ್ಲ. ಯಾರೂ ತನ್ನನ್ನು ಹೊರಗೆ ಹಾಕುವ ಮೊದಲೇ ತಾನೇ ಅವರನ್ನು ದೂರ ತಳ್ಳಿಬಿಡುವ ಉಪಾಯ. ನೆರೆಮನೆಯ ಅಂಧ ವೃದ್ಧರ ಪುಸ್ತಕಗಳ ಹಿಂದಿನ ಹಣವನ್ನು ಕದಿಯುವುದೂ ಕ್ಯಾಲಿಫೋರ್ನಿಯಾದ ತಾಯಿಯ ಬಳಿಗೆ ಓಡಿಹೋಗಲಿಕ್ಕೆ. ಲೇಖಕಿ ಈ ಕೆಲಸಗಳನ್ನು ಮೆಚ್ಚಿ ಬರೆದಿಲ್ಲ, ಕಾರಣವನ್ನು ಮುಚ್ಚಿಟ್ಟೂ ಇಲ್ಲ. ಆದ್ದರಿಂದ ಧಾರಾಳವಾಗಿ ಓದಲಿ. ನೀವು ಜೊತೆಗೆ ಕುಳಿತು ಮಾತನಾಡಬೇಕಾದದ್ದು ಕಳ್ಳತನಕ್ಕಿಂತ ಹೆಚ್ಚಾಗಿ, ಕಪ್ಪು ಜನಾಂಗದವರಾದ ಆ ವೃದ್ಧರನ್ನೂ ಶಿಕ್ಷಕಿಯನ್ನೂ ಗಿಲ್ಲಿ ಮೊದಮೊದಲು ಕಾಣುವ ತಾತ್ಸಾರದ ಬಗ್ಗೆ.

ಮಗಳಿಗೆ ಮುಂದಿನ ಓದು ಬೇಕೆಂದರೆ ಸಿಂಥಿಯಾ ವಾಯ್ಟ್ ಅವರ ‘ಹೋಮ್‌ಕಮಿಂಗ್’ ಕೊಡಿ. ತಾಯಿ ಕಾರಿನಲ್ಲಿಯೇ ಬಿಟ್ಟುಹೋದ ನಾಲ್ವರು ಮಕ್ಕಳು, ಅಧಿಕಾರಿಗಳ ಕೈಗೆ ಸಿಕ್ಕರೆ ತಮ್ಮನ್ನು ಬೇರೆ ಬೇರೆ ಮನೆಗಳಿಗೆ ಹಂಚಿಬಿಡುತ್ತಾರೆಂದು ಹೆದರಿ, ನಡೆದೇ ಬಂಧುಗಳನ್ನು ಹುಡುಕಿಕೊಂಡು ಹೊರಡುತ್ತಾರೆ. ಪುಸ್ತಕ ದೊಡ್ಡದು, ಒಂದು ವರ್ಷ ತಡೆದು ಕೊಟ್ಟರೂ ನಡೆಯುತ್ತದೆ.