ಕಾಳುಮೆಣಸು: ತಲೆಗೆ ನೀರು, ಬುಡಕ್ಕೆ ಗಾಳಿ
ಓದುಗರ ಪ್ರಶ್ನೆಗಳಿಗೆ ತೋಟದ ಉತ್ತರ

ಪ್ರಶ್ನೆ: ನಮ್ಮಲ್ಲಿ ಮಳೆಗೆ ಬರವಿಲ್ಲ, ವರ್ಷಕ್ಕೆ 3000 ಮಿ.ಮೀ. ದಾಟುತ್ತದೆ. ಬಳ್ಳಿಗಳು ಸೊಂಪಾಗಿವೆ, ಗೆರೆ (ಕಾಳು ಕಟ್ಟುವ ಹೂಗೊಂಚಲು) ಮಾತ್ರ ಕಡಿಮೆ. ಬಂದ ಗೆರೆಗಳಲ್ಲೂ ಅಲ್ಲೊಂದು ಇಲ್ಲೊಂದು ಕಾಳು. ಗೊಬ್ಬರ ಸಾಲದೇ?
— ಓದುಗರು, ತೀರ್ಥಹಳ್ಳಿ

ಉತ್ತರ: ಗೊಬ್ಬರದ ಚೀಲ ಬಿಚ್ಚುವ ಮೊದಲು ಮಳೆ ಲೆಕ್ಕದ ಪುಸ್ತಕ ತೆಗೆಯಿರಿ. ಕಾಳುಮೆಣಸಿಗೆ ವರ್ಷಕ್ಕೆ 1250ರಿಂದ 2000 ಮಿ.ಮೀ. ಮಳೆ ಸಾಕು. ಎಷ್ಟು ಬಿತ್ತು ಎನ್ನುವುದಕ್ಕಿಂತ ಯಾವಾಗ ಬಿತ್ತು, ನಡುವೆ ಎಷ್ಟು ದಿನ ಕೈಕೊಟ್ಟಿತು ಎನ್ನುವುದೇ ಇಲ್ಲಿ ಮುಖ್ಯ.

ಮೇ–ಜೂನ್‌ನಲ್ಲಿ, ನಮ್ಮ ಲೆಕ್ಕದಲ್ಲಿ ರೋಹಿಣಿ–ಮೃಗಶಿರದ ಹೊತ್ತಿಗೆ, 20 ದಿನಗಳೊಳಗೆ ಸುಮಾರು 70 ಮಿ.ಮೀ. ಮಳೆಯಾದರೆ ಅಡ್ಡ ರೆಂಬೆಗಳು ಚಿಗುರುತ್ತವೆ. ಗೆರೆ ಹೊರಡುವುದು ಈ ಹೊಸ ಚಿಗುರಿನಲ್ಲಿ, ಎಲೆಗೆ ಎದುರಾಗಿ. ಚಿಗುರು ತಡವಾದರೆ ಗೆರೆಯೂ ತಡ, ಚಿಗುರೇ ಕಡಿಮೆಯಾದರೆ ಗೆರೆಯೂ ಕಡಿಮೆ. ಅಲ್ಲಿಂದ ಮುಂದೆ ಕಾಳು ಬಲಿಯುವ ತನಕ ಮಳೆ ಪೂರ್ತಿ ನಿಲ್ಲಬಾರದು. ಗೆರೆಯ ಹೂವಿನಲ್ಲಿ ಪರಾಗ ಹರಡುವ ಕೆಲಸವನ್ನು ಬಹುಪಾಲು ಮಾಡುವುದು ಮಳೆಹನಿ: ಗೆರೆಗುಂಟ ಜಾರುತ್ತಾ ಮೇಲಿನ ಪರಾಗವನ್ನು ಕೆಳಗಿನ ಹೂಗಳಿಗೆ ಒಯ್ಯುತ್ತದೆ. ಆರಿದ್ರಾ, ಪುನರ್ವಸು ಮಳೆ ಕೆಲವು ದಿನ ಕೈಕೊಟ್ಟು ಬಿಸಿಲು ಕಾದರೂ ಸಾಕು, ನೀವು ಹೇಳಿದಂತೆ ಹಲ್ಲು ಬಿದ್ದ ಗೆರೆಗಳೇ ಸಿಗುತ್ತವೆ. ಆಮೇಲೆ ಆಶ್ಲೇಷದಲ್ಲಿ ಜಡಿಮಳೆ ಸುರಿದು ವರ್ಷದ ಮೊತ್ತ ತುಂಬಿದರೂ ತಪ್ಪಿದ ಕಾಳು ಮರಳಿ ಬರುವುದಿಲ್ಲ. ಇಂಥ ಬಿಡುವಿನಲ್ಲಿ ಸ್ಪ್ರಿಂಕ್ಲರ್ ಇದ್ದವರು ಬಳ್ಳಿ ನೆನೆಯುವಂತೆ ನೀರು ಹಾರಿಸಬೇಕು. ಮಳೆಗಾಲದಲ್ಲಿ ನೀರು ಬಿಡುವುದೇ ಎಂದು ಅಕ್ಕಪಕ್ಕದವರು ನಕ್ಕರೆ ನಗಲಿ.

ಬೇಸಿಗೆ ನೀರಿಗೂ ಒಂದು ಕ್ರಮವಿದೆ. ಬುಡದ ಸುತ್ತ 75 ಸೆಂ.ಮೀ. ದೂರದಲ್ಲಿ ಪಾತಿ ಕಟ್ಟಿ, ಡಿಸೆಂಬರ್‌ನಿಂದ ಮಾರ್ಚ್ ಕೊನೆಯವರೆಗೆ 8–10 ದಿನಕ್ಕೊಮ್ಮೆ ಬಳ್ಳಿಗೆ 100 ಲೀಟರ್ ಕೊಡಿ. ಏಪ್ರಿಲ್ ಬಂತೆಂದರೆ ನಿಲ್ಲಿಸಿ, ಮುಂಗಾರಿನವರೆಗೆ ಬಳ್ಳಿ ಸ್ವಲ್ಪ ಬಾಡಲಿ. ಹಾಗೆ ಬಾಡಿದ ಬಳ್ಳಿ ಮೊದಲ ಮಳೆಗೆ ಒಟ್ಟಿಗೇ ಚಿಗುರುತ್ತದೆ, ಗೆರೆಗಳೂ ಒಟ್ಟಿಗೇ ಬರುತ್ತವೆ. ಎಳೆ ಬಳ್ಳಿಗೆ ಈ ಉಪವಾಸ ಬೇಡ.

ಸೊಂಪಾಗಿದ್ದೂ ಗೆರೆ ಬಿಡದಿರುವುದಕ್ಕೆ ನೆರಳು ಇನ್ನೊಂದು ಕಾರಣ. ಆಸರೆ ಮರದ ಕೊಂಬೆಗಳನ್ನು ಮಳೆ ಹಿಡಿಯುವ ಮೊದಲು ಸವರಿ, ಸೊಪ್ಪನ್ನು ಬುಡಕ್ಕೇ ಹಾಕಿ. ಅಡಿಕೆ ಮರದ ನೆರಳನ್ನು ಸವರಲಾಗದು, ಅಲ್ಲಿ ತಳಿಯನ್ನೇ ಬದಲಿಸಬೇಕು. ಪಣಿಯೂರು–1 ದಟ್ಟ ನೆರಳಿನಲ್ಲಿ ಎಲೆ ಬಿಟ್ಟುಕೊಂಡು ಸುಮ್ಮನಿರುತ್ತದೆ. ಪಣಿಯೂರು–5, ಕರಿಮುಂಡ ನೆರಳಿಗೆ ಒಗ್ಗುತ್ತವೆ.

ಪ್ರಶ್ನೆ: ಕಣಿವೆಯ ಅಡಿಕೆ ತೋಟ. ಆಗಸ್ಟ್‌ನಲ್ಲಿ ಚೆನ್ನಾಗಿದ್ದ ಬಳ್ಳಿ ಮೂರು ವಾರದಲ್ಲಿ ಎಲೆ ಉದುರಿಸಿ ಒಣಗುತ್ತದೆ. ಔಷಧಿ ಹೊಡೆದರೂ ಪ್ರತಿ ವರ್ಷ ಇದೇ ಗೋಳು. ಮಣ್ಣಿನ ದೋಷವೇ?
— ಓದುಗರು, ಶಿರಸಿ

ಉತ್ತರ: ಮಳೆಗಾಲದ ನಡುವೆ ಇಷ್ಟು ಬೇಗ ಸಾಯುವುದು ಶೀಘ್ರ ಸೊರಗು ರೋಗ, ಫೈಟಾಫ್ತೊರ ಎಂಬ ರೋಗಾಣುವಿನ ಕೆಲಸ. ಎಲೆಯ ಮೇಲೆ ಅಂಚು ಎಳೆಎಳೆಯಾಗಿ ಹರಡುವ ಕಪ್ಪು ಮಚ್ಚೆ ಕಂಡರೆ ಅನುಮಾನವೇ ಬೇಡ. (ಮಳೆ ಮುಗಿದ ಮೇಲೆ ನಿಧಾನವಾಗಿ ಹಳದಿಯಾಗಿ, ಮುಂದಿನ ಮಳೆಗೆ ಚೇತರಿಸಿಕೊಂಡು, ಎರಡು ಮೂರು ವರ್ಷ ನರಳಿ ಸಾಯುವುದು ಬೇರೆ, ಅದು ನಿಧಾನ ಸೊರಗು, ಬೇರಿನಲ್ಲಿ ಜಂತುಹುಳು ಹುಡುಕಬೇಕು.)

ಮಣ್ಣಿನ ದೋಷ ಎನ್ನುವುದಕ್ಕಿಂತ ಮಣ್ಣಿನಲ್ಲಿ ನಿಂತ ನೀರಿನ ದೋಷ ಎನ್ನಿ. ಮೆಣಸಿನ ಬೇರು ಮೇಲ್ಪದರದಲ್ಲೇ ಹರಡುತ್ತದೆ. ನೀರು ನಿಂತಲ್ಲಿ ಬೇರಿಗೆ ಉಸಿರಿಲ್ಲ, ರೋಗಾಣುವಿನ ಬೀಜಕಗಳಿಗೆ ಈಜಲು ಕೊಳ ಸಿಕ್ಕಂತೆ. ಜಂಬಿಟ್ಟಿಗೆಯ ಕೆಂಪು ಮಣ್ಣು, ಗೊಬ್ಬರ–ದರಗು ಕೊಳೆತು ಸಡಿಲವಾಗಿರುವ ನೆಲ, ರಸಸಾರ (ಮಣ್ಣಿನ ಹುಳಿ ಅಳೆಯುವ pH) 5.5ರಿಂದ 6.5: ಬಳ್ಳಿಗೆ ಒಗ್ಗುವುದು ಇದು. ನಿಮ್ಮ ನೆಲ ಹೇಗಿದೆ ಎಂದು ತಿಳಿಯಲು ಜುಲೈನಲ್ಲಿ ಎರಡು ಬಳ್ಳಿಗಳ ನಡುವೆ ಒಂದೂವರೆ ಅಡಿ ಗುಂಡಿ ತೋಡಿ. ಮಳೆ ಬಿಟ್ಟ ಮರುದಿನವೂ ತಳದಲ್ಲಿ ನೀರಿದ್ದರೆ ಯಾವ ಔಷಧಿಯೂ ಪೂರ್ತಿ ಕಾಯಲಾರದು. ಮೊದಲು ಬಸಿಗಾಲುವೆಯ ಹೂಳು ತೆಗೆದು ಆಳ ಮಾಡಿ, ಬುಡಕ್ಕೆ ಮಣ್ಣೇರಿಸಿ ದಿಬ್ಬ ಮಾಡಿ.

ಮೇ ಕೊನೆಯೊಳಗೆ ನೆಲದಲ್ಲಿ ಹರಿದಾಡುವ ಹಬ್ಬುಗಳನ್ನು ಕತ್ತರಿಸಿ ಇಲ್ಲವೇ ಮೇಲೆತ್ತಿ ಕಟ್ಟಿ. ನೆಲದ ರೋಗಾಣು ಮಳೆಹನಿಯ ಜೊತೆ ಸಿಡಿದು ಮೊದಲು ಹತ್ತುವುದು ಅವಕ್ಕೇ. ಅಡಿಕೆಗೆ ಕೊಳೆರೋಗದ ಮದ್ದು ಹೊಡೆಯುವ ದಿನವೇ ಮೆಣಸಿಗೂ ಶೇ. 1ರ ಬೋರ್ಡೊ ದ್ರಾವಣ ಸಿಂಪಡಿಸಿ: 1 ಕಿಲೊ ಮೈಲುತುತ್ತ, 1 ಕಿಲೊ ಸುಣ್ಣ, 100 ಲೀಟರ್ ನೀರು. ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ ಬೇರೆಬೇರೆಯಾಗಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ತಿರುಗುಮುರುಗು ಬೇಡ. ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿಗೆ ಕೆಂಗಂದು ಬಣ್ಣ ಹತ್ತಿದರೆ ತುತ್ತ ಹೆಚ್ಚಾಗಿದೆ, ಸುಣ್ಣದ ನೀರು ಸೇರಿಸಿ. ಮಾಡಿದ್ದನ್ನು ಅಂದೇ ಮುಗಿಸಬೇಕು. ಬುಡಕ್ಕೆ ಶೇ. 0.2ರ ಕಾಪರ್ ಆಕ್ಸಿಕ್ಲೋರೈಡ್ ಅನ್ನು ಬಳ್ಳಿಗೆ 5ರಿಂದ 10 ಲೀಟರ್ ಸುರಿಯಿರಿ.

ನೀವು ಟ್ರೈಕೊಡರ್ಮ ಕೂಡ ಹಾಕುತ್ತೀರಾದರೆ ಒಂದು ಎಚ್ಚರಿಕೆ. ಅದು ರೋಗಾಣುವನ್ನು ಹತ್ತಿಕ್ಕುವ ಜೀವಂತ ಶಿಲೀಂಧ್ರ. ಬೆಳಿಗ್ಗೆ ಬೇವಿನಹಿಂಡಿಯೊಂದಿಗೆ ಬುಡಕ್ಕೆ ಕೊಟ್ಟು ಸಂಜೆ ಅದರ ಮೇಲೆ ತಾಮ್ರದ ಮದ್ದು ಸುರಿದರೆ ಹಾಕಿದ್ದೂ ಹೋಯಿತು, ಹಣವೂ ಹೋಯಿತು. ಎರಡರ ನಡುವೆ ಕನಿಷ್ಠ ಮೂರು ವಾರ ಬಿಡಿ. ಸೊರಗಿಗೆ ಕೊಡುವ ಇನ್ನೊಂದು ಮದ್ದು ಪೊಟ್ಯಾಷಿಯಂ ಫಾಸ್ಫೊನೇಟ್ ಜೊತೆ ಈ ತಾಪತ್ರಯವಿಲ್ಲ. ಲೀಟರಿಗೆ 3 ಮಿ.ಲೀ. ಬೆರೆಸಿ ಎಲೆಗೂ ಬುಡಕ್ಕೂ ಕೊಡಬಹುದು.

ಮಣ್ಣು ಪರೀಕ್ಷೆಯಲ್ಲಿ ಹುಳಿ ಹೆಚ್ಚೆಂದು ಬಂದರೆ ಏಪ್ರಿಲ್–ಮೇ ತಿಂಗಳ ಮೊದಲ ಮಳೆಗೆ ಬಳ್ಳಿಗೆ ಅರ್ಧ ಕಿಲೊ ಸುಣ್ಣ, ವರ್ಷ ಬಿಟ್ಟು ವರ್ಷ. ಅದೇ ವಾರ ಯೂರಿಯಾ ಹಾಕಬೇಡಿ, ಸಾರಜನಕ ಅಮೋನಿಯವಾಗಿ ಗಾಳಿಗೆ ಹೋಗುತ್ತದೆ. ಫಲಕ್ಕೆ ಬಂದ ಬಳ್ಳಿಗೆ ವರ್ಷಕ್ಕೆ 50 ಗ್ರಾಂ ಸಾರಜನಕ, 50 ಗ್ರಾಂ ರಂಜಕ, 150 ಗ್ರಾಂ ಪೊಟ್ಯಾಷ್ ಸಾಮಾನ್ಯ ಶಿಫಾರಸು. ಎರಡು ಕಂತಿನಲ್ಲಿ, ಬುಡದಿಂದ ಒಂದು ಅಡಿ ದೂರದಲ್ಲಿ ಹಾಕಿ. ಗೊಬ್ಬರ ಮುಚ್ಚಲು ಗುದ್ದಲಿಯಿಂದ ಆಳ ಕೆತ್ತಿದರೆ ಬೇರು ಗಾಯವಾಗಿ ರೋಗಕ್ಕೆ ಬಾಗಿಲು ತೆರೆದಂತೆ.

ಪ್ರಶ್ನೆ: ಕಪ್ಪು ಮಿಶ್ರಿತ ಮಣ್ಣು, ರಸಸಾರ 8, ಬೋರ್‌ವೆಲ್ ನೀರು. ಅಡಿಕೆಗೆ ಮೆಣಸು ಹಬ್ಬಿಸಬಹುದೇ?
— ಓದುಗರು, ಚನ್ನಗಿರಿ

ಉತ್ತರ: ಮಲೆನಾಡಿನ ಇಳುವರಿ ನಿರೀಕ್ಷಿಸದಿದ್ದರೆ ಹಬ್ಬಿಸಬಹುದು. 10 ಡಿಗ್ರಿಯಿಂದ 40 ಡಿಗ್ರಿವರೆಗಿನ ಉಷ್ಣತೆಯನ್ನು ಬಳ್ಳಿ ತಡೆಯುತ್ತದೆ. ಅದನ್ನು ಸೊರಗಿಸುವುದು ಒಣ ಗಾಳಿ. ಹತ್ತು ವರ್ಷ ದಾಟಿದ, ತಲೆ ಕೂಡಿದ ತೋಟದೊಳಗೆ ತೇವ ನಿಲ್ಲುತ್ತದೆ. ಎಳೆ ತೋಟದಲ್ಲಿ ನೆಟ್ಟರೆ ಮಾರ್ಚ್‌ನಲ್ಲೇ ಎಲೆ ಸುಡುತ್ತದೆ. ಸುಣ್ಣದಂಶ ಹೆಚ್ಚಿರುವ ನೆಲದಲ್ಲಿ ಕಬ್ಬಿಣ, ಸತು ಬೇರಿಗೆ ಸಿಗುವುದಿಲ್ಲ: ಎಳೆ ಎಲೆ ಬಿಳಿಚಿ ನರ ಮಾತ್ರ ಹಸಿರಾಗಿರುತ್ತದೆ. ಮೇಲೆ ಹೇಳಿದ ಸುಣ್ಣ ನಿಮಗಲ್ಲ. ಯೂರಿಯಾ ಬದಲು ಅಮೋನಿಯಂ ಸಲ್ಫೇಟ್ ಬಳಸಿ, ಕೊಟ್ಟಿಗೆ ಗೊಬ್ಬರ ಧಾರಾಳವಾಗಿ ಹಾಕಿ, ಮೇ–ಜೂನ್ ಮತ್ತು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಶೇ. 0.25ರ ಸತುವಿನ ಸಲ್ಫೇಟ್ ಸಿಂಪಡಿಸಿ. ಜಿಗುಟು ಮಣ್ಣಾದರೆ ಗುಂಡಿಯಲ್ಲಿ ನೆಡಬೇಡಿ, ಕೆಂಪು ಮಣ್ಣು ತಂದು ದಿಬ್ಬ ಮಾಡಿ ನೆಡಿ. ಮೊದಲ ಎರಡು ವರ್ಷ ಇಪ್ಪತ್ತು ಮರಕ್ಕಷ್ಟೇ ಹಬ್ಬಿಸಿ ನೋಡುವುದು ಜಾಣತನ.

ಪ್ರಶ್ನೆ: ಕಾಫಿ ತೋಟದ ಪಡುವಣ ಇಳಿಜಾರಿನ ಬಳ್ಳಿಗಳು ಫೆಬ್ರುವರಿಯಲ್ಲಿ ಸುಟ್ಟಂತಾಗುತ್ತವೆ, ಮೂಡಣದವು ಚೆನ್ನಾಗಿವೆ. ಏಕೆ?
— ಓದುಗರು, ಸೋಮವಾರಪೇಟೆ

ಉತ್ತರ: ಚಳಿಗಾಲದಲ್ಲಿ, ಬೇಸಿಗೆಯ ಶುರುವಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಮಧ್ಯಾಹ್ನದ ಬಿಸಿಲು ದಕ್ಷಿಣ ಮತ್ತು ಪಶ್ಚಿಮದ ಇಳಿಜಾರಿಗೆ ನೇರ ಬಡಿಯುತ್ತದೆ. ಹೊಸದಾಗಿ ನೆಡುವುದಾದರೆ ಉತ್ತರ ಅಥವಾ ಈಶಾನ್ಯಕ್ಕೆ ಮುಖ ಮಾಡಿದ ಇಳಿಜಾರಿನ ಕೆಳ ಅರ್ಧ ಆರಿಸಿ. ಸಿಲ್ವರ್ ಓಕ್ ಇರಲಿ, ಹಾಲವಾಣ ಇರಲಿ, ಬುಡದಿಂದ ಒಂದು ಅಡಿ ಬಿಟ್ಟು ಉತ್ತರ ಬದಿಗೇ ಗುಂಡಿ ತೆಗೆಯಿರಿ; ಮರದ ಕಾಂಡವೇ ಎಳೆ ಬಳ್ಳಿಗೆ ಕೊಡೆಯಾಗುತ್ತದೆ. ಈಗಿರುವ ಎಳೆ ಬಳ್ಳಿಗಳಿಗೆ ಡಿಸೆಂಬರ್‌ನಲ್ಲೇ ಅಡಿಕೆ ಸೋಗೆ ಅಥವಾ ಸೊಪ್ಪಿನ ಮರೆ ಕಟ್ಟಿ, ಬುಡಕ್ಕೆ ದರಗು ಹೊದಿಸಿ. ಎತ್ತರದ ತೋಟಗಳಿಗೆ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ (ಐಐಎಸ್‌ಆರ್) ಗಿರಿಮುಂಡ, ಮಲಬಾರ್ ಎಕ್ಸೆಲ್ ತಳಿಗಳಿವೆ. ಐಐಎಸ್‌ಆರ್‌ನ ಪ್ರಾದೇಶಿಕ ಕೇಂದ್ರ ಮಡಿಕೇರಿ ಬಳಿಯ ಅಪ್ಪಂಗಳದಲ್ಲೇ ಇದೆ, ಗಿಡಕ್ಕಾಗಿ ಅಲ್ಲಿ ವಿಚಾರಿಸಿ.

ಪ್ರಶ್ನೆ: ತಾರಸಿ ಕುಂಡದಲ್ಲಿ ಮೆಣಸು ಬೆಳೆಯಬಹುದೇ?
— ಓದುಗರು, ಬೆಂಗಳೂರು

ಉತ್ತರ: ಪೊದೆ ಮೆಣಸು ಎಂದು ಕೇಳಿ ತನ್ನಿ. ಕಾಳು ಬಿಡುವ ಅಡ್ಡ ರೆಂಬೆಗೆ ಬೇರು ಬರಿಸಿದ ಗಿಡ ಅದು, ಹಬ್ಬುವುದಿಲ್ಲ. ಹಬ್ಬಿನ ತುಂಡು ತಂದರೆ ಗೋಡೆ ಹತ್ತಲು ಹೊರಡುತ್ತದೆ. ಹತ್ತು ಕಿಲೊ ಹಿಡಿಯುವ ಕುಂಡಕ್ಕೆ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಹಳೆ ಕೊಟ್ಟಿಗೆ ಗೊಬ್ಬರ ತುಂಬಿ. ತಳದ ತೂತು ಮುಚ್ಚದಂತೆ ಹೆಂಚಿನ ಚೂರು ಇಡಿ. ಬೆಳಗಿನ ಬಿಸಿಲು ಸಾಕು, ಮಧ್ಯಾಹ್ನ ನೆರಳಿರಲಿ. ಗೆರೆ ಬಂದಾಗ ನೀರನ್ನು ಬುಡಕ್ಕಷ್ಟೇ ಹಾಕದೆ ಗಿಡದ ಮೇಲೂ ಚಿಮುಕಿಸಿ.