ಸಯಾಮೀಸ್ ಬೆಕ್ಕಿನ ಮರಿಯನ್ನು ದಿನವಿಡೀ ಒಂಟಿಯಾಗಿ ಬಿಡಬೇಕಾದರೆ ಯಾವ ಆಟಿಕೆಗಳು ಒಳ್ಳೆಯವು?

ಆರು ವಾರದ ಸಯಾಮೀಸ್ ಮರಿ, ದಿನಕ್ಕೆ ಒಂಬತ್ತು ಗಂಟೆ ಖಾಲಿ ಮನೆ, ಅದರ ಬೇಸರ ಕಳೆಯಲು ಒಂದಷ್ಟು ಆಟಿಕೆ: ನಿಮ್ಮ ಪ್ರಶ್ನೆಯಲ್ಲಿರುವ ಈ ಮೂರೂ ಒಂದು ಕಾಲಕ್ಕೆ ನನ್ನ ಮನೆಯಲ್ಲಿದ್ದವು. ನಮ್ಮ ಬೆಕ್ಕಿನ ಹೆಸರು ನೀಲ. ತಾಯಿಯಿಂದ ತೀರ ಬೇಗ ಬಿಡಿಸಿ ತಂದ ಗಂಡು ಮರಿ ಅದು. ನಾನು ಸ್ನಾನಕ್ಕೆ ಹೋದರೆ ಬಾಗಿಲ ಹೊರಗೆ ಕುಳಿತು ಕೂಗುತ್ತಿದ್ದ, ಅಡುಗೆ ಮಾಡುವಾಗ ಹೆಗಲೇರುತ್ತಿದ್ದ, ಮಾತನಾಡಿಸಿದರೆ ಪ್ರತಿ ಮಾತಿಗೂ ತನ್ನ ಒರಟು ದನಿಯಲ್ಲಿ ಉತ್ತರ ಕೊಡುತ್ತಿದ್ದ. ರಾತ್ರಿ ನನ್ನ ಉಣ್ಣೆಯ ಹೊದಿಕೆಯ ಅಂಚನ್ನು ಬಾಯಲ್ಲಿಟ್ಟುಕೊಂಡು, ಮುಂಗಾಲುಗಳಿಂದ ಒಂದಾದ ಮೇಲೊಂದರಂತೆ ಒತ್ತುತ್ತಾ, ಮೊಲೆ ಉಣ್ಣುವ ಮರಿಯಂತೆಯೇ ಚೀಪುತ್ತಿದ್ದ. ಬೆಳಿಗ್ಗೆ ನೋಡಿದರೆ ಆ ಅಂಚು ತೊಯ್ದು ಮುದ್ದೆಯಾಗಿರುತ್ತಿತ್ತು. ನಾವು ಅದನ್ನು ಪ್ರೀತಿ ಎಂದುಕೊಂಡು ಸಂತೋಷಪಟ್ಟೆವು.

ಉಣ್ಣೆ ಚೀಪುವುದು ಸಯಾಮೀಸ್, ಬರ್ಮೀಸ್ ಮುಂತಾದ ತಳಿಗಳಲ್ಲಿ ಪಶುವೈದ್ಯರು ಬಹಳ ಹಿಂದಿನಿಂದ ಗುರುತಿಸಿರುವ ಚಾಳಿ. ಕೆಲವು ಬೆಕ್ಕುಗಳಲ್ಲಿ ಅದು ಚೀಪುವುದಕ್ಕೇ ನಿಲ್ಲುತ್ತದೆ. ಇನ್ನು ಕೆಲವು ಅಗಿಯಲು ತೊಡಗುತ್ತವೆ, ಅಗಿದದ್ದನ್ನು ನುಂಗುತ್ತವೆ. ಬಟ್ಟೆ, ದಾರ, ರಬ್ಬರು ಯಾವುದಾದರೂ ಆಗಬಹುದು. ನೀಲ ಎರಡನೆಯ ಗುಂಪಿನವನು ಎಂಬುದು ನಮಗೆ ಗೊತ್ತಾದದ್ದು ಆಪರೇಷನ್ ಟೇಬಲ್ಲಿನ ಮೇಲೆ.

ಕೋಲಿನ ತುದಿಗೆ ದಾರ, ದಾರದ ತುದಿಗೆ ಗರಿ ಕಟ್ಟಿದ ಆಟಿಕೆಯೊಂದಿತ್ತು. ನಾನು ಕೈಯಲ್ಲಿ ಹಿಡಿದು ಆಡಿಸುವವರೆಗೆ ಅದು ಒಳ್ಳೆಯ ಆಟಿಕೆಯೇ. ಆದರೆ ನಾನು ಕೆಲಸಕ್ಕೆ ಹೊರಡುವಾಗ, ಪಾಪ ಒಬ್ಬನೇ ಇರುತ್ತಾನಲ್ಲ ಎಂದು, ಅದನ್ನು ಕುರ್ಚಿಗೆ ಸಿಕ್ಕಿಸಿ ಗರಿ ನೇತಾಡುವಂತೆ ಬಿಟ್ಟು ಹೋಗುತ್ತಿದ್ದೆ. ಇದೇ ನನ್ನ ತಪ್ಪು. ಅದು ಏಕೆ ಅಷ್ಟು ದೊಡ್ಡ ತಪ್ಪೆಂಬುದನ್ನು ನಾನು ಬಿಡಿಸಿ ಹೇಳಲೇಬೇಕು, ಏಕೆಂದರೆ ನೀವು ಕೇಳುತ್ತಿರುವುದು ಅದನ್ನೇ ಮಾಡುವ ದಾರಿಯನ್ನು. ಬೆಕ್ಕಿನ ನಾಲಿಗೆಯ ಮೇಲಿನ ಮುಳ್ಳುಗಳೆಲ್ಲ ಗಂಟಲಿನ ಕಡೆಗೆ ಬಾಗಿರುತ್ತವೆ. ದಾರ ಒಮ್ಮೆ ಬಾಯಿಗೆ ಹೋದರೆ ಅದನ್ನು ಉಗುಳುವುದು ಬೆಕ್ಕಿಗೆ ಕಷ್ಟ, ನುಂಗುವುದು ಸುಲಭ. ನುಂಗಿದ ದಾರದ ಒಂದು ತುದಿ ನಾಲಿಗೆಯ ಬುಡಕ್ಕೆ ಸುತ್ತಿಕೊಳ್ಳಬಹುದು, ಇಲ್ಲವೇ ಜಠರದ ಹೊರದಾರಿಯಲ್ಲಿ ಸಿಕ್ಕಿಬೀಳಬಹುದು. ಉಳಿದ ದಾರವನ್ನು ಕರುಳು ತನ್ನ ಸಹಜ ಚಲನೆಯಿಂದ ಮುಂದಕ್ಕೆ ತಳ್ಳುತ್ತಲೇ ಇರುತ್ತದೆ. ತುದಿ ಸಡಿಲವಾಗದ ಕಾರಣ ದಾರ ಮುಂದೆ ಹೋಗುವುದಿಲ್ಲ, ಬದಲಿಗೆ ಕರುಳೇ ಲಾಡಿ ಎಳೆದ ಬಟ್ಟೆಯಂತೆ ದಾರದ ಮೇಲೆ ನಿರಿಗೆ ನಿರಿಗೆಯಾಗಿ ಸೇರಿಕೊಳ್ಳುತ್ತದೆ. ಬಿಗಿಯಾದ ದಾರ ಕರುಳಿನ ಒಳಗೋಡೆಯನ್ನು ಕೊಯ್ಯುತ್ತದೆ. ತೂತು ಬಿದ್ದರೆ ಒಳಗಿನದು ಹೊಟ್ಟೆಯ ಪೊಳ್ಳಿಗೆ ಸೋರಿ ಸೋಂಕಾಗುತ್ತದೆ, ಬೆಕ್ಕು ಉಳಿಯುವುದು ಕಷ್ಟವಾಗುತ್ತದೆ.

ಆ ಸಂಜೆ ನಾನು ಬಂದಾಗ ನೀಲ ಬಾಗಿಲಿಗೆ ಬರಲಿಲ್ಲ. ಎರಡು ಕಡೆ ವಾಂತಿಯಾಗಿತ್ತು. ಕೂದಲುಂಡೆ ಇರಬೇಕು, ಬೆಳಿಗ್ಗೆ ನೋಡೋಣ ಎಂದುಕೊಂಡೆ. ಗರಿಯ ಆಟಿಕೆಯಲ್ಲಿ ಕೋಲು ಮಾತ್ರ ಉಳಿದಿದೆ ಎಂಬುದನ್ನು ನಾನು ಗಮನಿಸಿದ್ದು ಮರುದಿನ, ಅವನು ನೀರನ್ನೂ ಕಕ್ಕಿದ ಮೇಲೆ. ಕರುಳನ್ನು ಒಂದಕ್ಕಿಂತ ಹೆಚ್ಚು ಕಡೆ ಕೊಯ್ದು ದಾರ ತೆಗೆದರು, ಕೆಟ್ಟುಹೋಗಿದ್ದ ಒಂದು ಭಾಗವನ್ನು ಕತ್ತರಿಸಿ ಜೋಡಿಸಿದರು. ಆ ಒಂದು ರಾತ್ರಿಯ ತಡ ಇಲ್ಲದಿದ್ದರೆ ಕತ್ತರಿಸುವ ಅಗತ್ಯ ಬರುತ್ತಿರಲಿಲ್ಲವೇನೋ ಎಂದು ನನಗೆ ಈಗಲೂ ಅನ್ನಿಸುತ್ತದೆ. ಹಾಗೇನಾದರೂ ನಿಮ್ಮ ಬೆಕ್ಕಿನ ಬಾಯಿಂದಲೋ ಗುದದಿಂದಲೋ ದಾರ ಇಣುಕಿದರೆ ದಯವಿಟ್ಟು ಎಳೆಯಬೇಡಿ. ಎಳೆದರೆ ಅದೇ ದಾರ ಕರುಳನ್ನು ಸೀಳಬಹುದು. ಇದ್ದ ಹಾಗೆಯೇ ವೈದ್ಯರ ಬಳಿಗೆ ಒಯ್ಯಿರಿ.

ನೀಲ ಬದುಕಿದ. ಆಪರೇಷನ್ನಿಗೆಂದು ಬೋಳಿಸಿದ್ದ ಅವನ ಕೆನೆಬಣ್ಣದ ಹೊಟ್ಟೆಯ ಮೇಲೆ ಹೊಸ ಕೂದಲು ಕಂದುಬಣ್ಣದಲ್ಲಿ ಬೆಳೆದಾಗ ನಾನು ಮತ್ತೆ ಗಾಬರಿಯಾದೆ. ಅದು ರೋಗವಲ್ಲ. ಈ ತಳಿಯಲ್ಲಿ ಬಣ್ಣ ತಯಾರಿಸುವ ಕಿಣ್ವ ದೇಹದ ತಂಪಾದ ಭಾಗದಲ್ಲಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ಕಿವಿ, ಮೂತಿ, ಪಾದ, ಬಾಲ ಕಪ್ಪಾಗಿರುವುದೂ, ಬೆಚ್ಚಗಿನ ಗರ್ಭದಿಂದ ಬಂದ ಮರಿ ಬಿಳಿಯಾಗಿ ಹುಟ್ಟುವುದೂ ಅದರಿಂದಲೇ. ಬೋಳಿಸಿದ ಚರ್ಮ ತಂಪಾಗಿತ್ತು, ಅಷ್ಟೇ. ಮುಂದೆ ಕೂದಲು ಉದುರಿ ಬದಲಾದಾಗ ಮೊದಲಿನ ಬಣ್ಣ ಮರಳಿತು.

ಥಾಯ್ಲೆಂಡಿನ ಈ ಬೆಕ್ಕು 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ನಡೆದ ಬೆಕ್ಕುಗಳ ಪ್ರದರ್ಶನಕ್ಕೆ ಬಂದಿತ್ತು. ಅಂದಿನಿಂದ ಇಂದಿನವರೆಗೆ ಬಹಳಷ್ಟು ಜನ ಇದನ್ನು ಆ ಬಣ್ಣಕ್ಕೂ ನೀಲಿ ಕಣ್ಣಿಗೂ ಮನಸೋತು ತರುತ್ತಾರೆ, ಅದರೊಂದಿಗೇ ಬರುವ ಸ್ವಭಾವಕ್ಕೆ ಸಿದ್ಧರಾಗಿರುವುದಿಲ್ಲ. ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಯಾವ ಆಟಿಕೆಯೂ ಈ ಬೆಕ್ಕಿಗೆ ಒಂಬತ್ತು ಗಂಟೆಯ ಸಂಗಾತಿಯಾಗಲಾರದು. ಅದಕ್ಕೆ ಬೇಕಾದದ್ದು ತನ್ನ ಕೂಗಿಗೆ ಮರುದನಿ ಕೊಡುವ, ತನ್ನನ್ನು ಒರಗಿ ಮಲಗುವ ಇನ್ನೊಂದು ಜೀವ. ಅದು ಸಿಗದಿದ್ದರೆ ಪರದೆ ಹರಿಯುತ್ತದೆ, ಬಟ್ಟೆ ಅಗಿಯುತ್ತದೆ, ಹೊಟ್ಟೆಯ ಕೂದಲನ್ನು ತಾನೇ ನೆಕ್ಕಿ ನೆಕ್ಕಿ ಬೋಳು ಮಾಡಿಕೊಳ್ಳುತ್ತದೆ. ಇವನ್ನು ತುಂಟತನವೆಂದು ಗದರಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ತರಲೇಬೇಕೆಂದಿದ್ದರೆ ಒಂದೇ ಸೂಲಿನ ಎರಡು ಮರಿಗಳನ್ನು ಒಟ್ಟಿಗೆ ತನ್ನಿ. ಖರ್ಚು ಹೆಚ್ಚಾಗುತ್ತದೆ, ನಿಜ. ಆದರೆ ಒಂಟಿತನದಿಂದಾಗುವ ಕೇಡಿಗೆ ಅದೇ ಮದ್ದು. ನೀಲನಿಗೆ ನಾವು ತಡವಾಗಿ ಜೊತೆಗಾರ್ತಿಯನ್ನು ತಂದೆವು. ಮೊದಲು ಬೇರೆ ಬೇರೆ ಕೋಣೆಗಳಲ್ಲಿಟ್ಟು, ಒಬ್ಬರು ಮಲಗಿದ ಬಟ್ಟೆಯನ್ನು ಇನ್ನೊಬ್ಬರಿಗೆ ಮೂಸಲು ಕೊಟ್ಟು, ವಾರಗಟ್ಟಲೆ ಕಾದು ಒಂದುಗೂಡಿಸಬೇಕಾಯಿತು. ಈಗ ಚೀಪುವುದು ಪೂರ್ತಿ ನಿಂತಿಲ್ಲವಾದರೂ ಬಹಳ ಕಡಿಮೆಯಾಗಿದೆ. ಉಣ್ಣೆಯದೆಲ್ಲ ಬೀರುವಿನೊಳಗೆ ಸೇರಿದೆ, ದಾರದ ಆಟಿಕೆ ಆಟ ಮುಗಿದ ಕೂಡಲೇ ಬೀಗ ಹಾಕಿದ ಡ್ರಾಯರಿಗೆ ಹೋಗುತ್ತದೆ. ಹೊರಡುವ ಮುನ್ನ ಮತ್ತು ಬಂದ ಮೇಲೆ ಹತ್ತು ಹದಿನೈದು ನಿಮಿಷ ಚೆನ್ನಾಗಿ ಆಡಿಸುತ್ತೇನೆ, ಏದುಸಿರು ಬಿಡುವ ಮೊದಲೇ ನಿಲ್ಲಿಸುತ್ತೇನೆ, ಆಟದ ಕೊನೆಗೆ ಊಟ ಹಾಕುತ್ತೇನೆ. ಬೇಟೆ, ಊಟ, ನೆಕ್ಕಿಕೊಳ್ಳುವುದು, ನಿದ್ದೆ ಎಂಬುದೇ ಬೆಕ್ಕಿನ ಸಹಜ ಕ್ರಮ. ಹಾಗೆ ಮಾಡಿದರೆ ನಾನು ಹೊರಟಾಗ ಅವು ನಿದ್ದೆಗೆ ಜಾರಿರುತ್ತವೆ.

ಎರಡು ಬೆಕ್ಕು ಸಾಧ್ಯವಿಲ್ಲ, ಮನೆಯಲ್ಲಿ ಬೇರೆ ಯಾರೂ ಇರುವುದಿಲ್ಲ ಎಂದಾದರೆ ಈ ತಳಿ ನಿಮಗೆ ಬೇಡ. ಒಂಟಿಯಾಗಿರಲು ಒಗ್ಗಿರುವ, ವಯಸ್ಸಾದ, ಶಾಂತ ಸ್ವಭಾವದ ಬೆಕ್ಕೊಂದನ್ನು ಸಾಕಿಕೊಳ್ಳಿ. ಇನ್ನು ಆರು ವಾರದ ಮರಿಯ ಮಾತು: ಫಿನ್‌ಲ್ಯಾಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಂಟು ವಾರಕ್ಕೆ ಮೊದಲೇ ತಾಯಿಯಿಂದ ಬೇರೆಯಾದ ಬೆಕ್ಕುಗಳಲ್ಲಿ ಆಕ್ರಮಣಶೀಲತೆ ಹೆಚ್ಚಾಗಿ ಕಂಡುಬಂದಿತ್ತು. ಹನ್ನೆರಡು ವಾರವಾದರೂ ತಾಯಿಯ ಬಳಿ ಇರಲಿ ಎಂದು ಮರಿ ಕೊಡುವವರಿಗೆ ಹೇಳಿ, ಬೇಕಿದ್ದರೆ ಮುಂಗಡ ಕೊಟ್ಟು ಕಾಯಿರಿ. ಕಾಯಲು ಒಪ್ಪದೆ ಈಗಲೇ ಒಯ್ಯಿರಿ ಎಂದು ಅವಸರಪಡಿಸುವವರಿಂದ ಮರಿ ತರಬೇಡಿ.